ಅಳು ಬೇರೆ ಥರ ಇದೆ

ಬೆಳಿಗ್ಗೆ ನೀಲಿ ಶಾಲಿನಲ್ಲಿ ಮಗುವನ್ನು ಸುತ್ತಿಕೊಂಡು ಬಂದಿದ್ದ ತಾಯಿಗೆ,

ನೀವು ಬರೆಸಿದ ಫೋನ್ ನಂಬರಿನಲ್ಲಿ ಒಂದು ಅಂಕಿ ಕಮ್ಮಿ ಇದೆ. ಅದಕ್ಕೇ ವಿಳಾಸ ಕೊಟ್ಟು ನಮ್ಮ ನರ್ಸಮ್ಮನನ್ನೇ ಕಳಿಸುತ್ತಿದ್ದೇನೆ. ಗಾಬರಿಯಾಗಬೇಡಿ. ಓದಿದ ಕೂಡಲೇ ಮಗುವನ್ನು ಎತ್ತಿಕೊಂಡು ಅವರ ಜೊತೆ ಹೊರಟುಬಿಡಿ.

"ಡಾಕ್ಟ್ರೇ, ಇವಳ ಅಳು ಬೇರೆ ಥರ ಇದೆ" ಅಂದಿರಿ. ನಾನು ಜ್ವರ ನೋಡಿದೆ, ಎದೆಗೆ ಸ್ಟೆತಸ್ಕೋಪ್ ಇಟ್ಟೆ, ಗಂಟಲಿಗೆ ಟಾರ್ಚ್ ಬಿಟ್ಟೆ. ಹೊರಗೆ ನಲವತ್ತು ಜನ ಕಾಯುತ್ತಿದ್ದರು. "ಮೊದಲನೇ ಮಗು ಅಂದ್ರೆ ಹೀಗೇ ಕಣಮ್ಮ, ಕೂತ್ರೂ ಭಯ, ನಿಂತ್ರೂ ಭಯ" ಎಂದು ನಕ್ಕು ಔಷಧಿ ಬರೆದೆ. ನೀವು ಏನೋ ಹೇಳಹೊರಟಿರಿ, ನಾನು ಮುಂದಿನವರನ್ನು ಕರೆದೆ.

ಮಧ್ಯಾಹ್ನ ಲಸಿಕೆ ಕಾರ್ಡುಗಳನ್ನು ಜೋಡಿಸುತ್ತಿದ್ದ ನರ್ಸಮ್ಮ ನಿಮ್ಮ ಹೆಸರಿದ್ದ ಎರಡು ಹಳೇ ಕಾರ್ಡು ತಂದು ನನ್ನ ಊಟದ ಡಬ್ಬಿಯ ಪಕ್ಕ ಇಟ್ಟರು. "ಮೊದಲನೇದಲ್ಲ ಡಾಕ್ಟ್ರೇ, ಮೂರನೇದು. ಇವೆರಡ್ರಲ್ಲೂ ನಿಮ್ಮದೇ ಅಕ್ಷರ."

ಡಬ್ಬಿ ಮುಚ್ಚಿಟ್ಟೆ. ಎರಡು ಮಕ್ಕಳ ಅಳು ಕೇಳಿ ಬೆಳೆಸಿದವರು ಬೇರೆ ಥರ ಎಂದರೆ ಅದು ಬೇರೆ ಥರವೇ.

ಇನ್ನೊಮ್ಮೆ ನೋಡುತ್ತೇನೆ, ಈ ಸಲ ಮೊದಲು ನಿಮ್ಮ ಮಾತು ಕೇಳುತ್ತೇನೆ. ದೊಡ್ಡಾಸ್ಪತ್ರೆಗೂ ಹೇಳಿಟ್ಟಿದ್ದೇನೆ. ಇಲ್ಲಿ ಸಾಲಿನಲ್ಲಿ ನಿಲ್ಲದೆ ನನ್ನ ಕೋಣೆಯ ಹಿಂಬಾಗಿಲಿಗೇ ಬನ್ನಿ. ಮಗು ಈಗ ನಗುತ್ತಾ ಆಡುತ್ತಿದ್ದರೂ ಬನ್ನಿ, ನನ್ನನ್ನು ಬೈಯುವುದಕ್ಕಾದರೂ ಬನ್ನಿ. ಒಂದು ವೇಳೆ ಅಳು ನಿಲ್ಲಿಸಿ ಮಲಗಿದ್ದರೆ, ತಾನಾಗಿ ಏಳಲಿ ಎಂದು ದಯವಿಟ್ಟು ಕಾಯಬೇಡಿ.

ಇತಿ,
ನಿಮ್ಮ ಮೂರೂ ಮಕ್ಕಳ ಡಾಕ್ಟರು