ಕೋವಿ ಮಾರಿದ್ದಕ್ಕೆ

ತಾಳ್ಯ

ನಿಂಗಕ್ಕನಿಗೆ ತಮ್ಮ ಕನಕರಾಜನ ನಮಸ್ಕಾರ.

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ತಾತನ ಕೇಪಿನ ಕೋವಿ, ಅಪ್ಪನ ಜೋಡುನಳಿಗೆ ಕೋವಿ ಎರಡನ್ನೂ ನಾನು ಮಾರಿದೆನೆಂದು ನಿನಗೆ ಸಿಟ್ಟು. ಲೈಸೆನ್ಸ್ ನನ್ನ ಹೆಸರಿಗಿದ್ದರೂ ನಿನ್ನನ್ನು ಒಂದು ಮಾತು ಕೇಳಬೇಕಿತ್ತು, ನಿಜ.

ಅಪ್ಪನ ಮರೆವು ನಿನಗೆ ಗೊತ್ತೇ ಇದೆ. ಯುಗಾದಿಯ ಮಾರನೆಯ ದಿನ ಸಂಜೆ ನಾನು ಕುರಿ ಹೊಡೆದುಕೊಂಡು ಬಂದಾಗ ಅಪ್ಪ ಜೋಡುನಳಿಗೆ ಹಿಡಿದು ಕುರಿರೊಪ್ಪದ ಬಾಗಿಲಲ್ಲಿ ನಿಂತಿದ್ದ. ಗುರಿ ನನ್ನ ಎದೆಗೇ ಇತ್ತು.

"ಯಾರಲೇ ನೀನು? ನನ್ನ ಮಗನ ಕುರಿ ನಿನ್ನತ್ರ ಹೆಂಗೆ ಬಂದ್ವು?"

"ನಾನೇ ಕಣಪ್ಪ, ಕನಕ" ಎಂದೆ. ನಂಬಲಿಲ್ಲ. ಕೊನೆಗೆ, "ನಿಮ್ಮ ಮಗನೇ ಕಳಿಸವ್ನೆ. ಕೋವಿ ಇಸ್ಕೊಂಡು ಬಾ ಅಂದ" ಎಂದೆ. ಆಗ ಕೊಟ್ಟ. ಒಳಗೆ ತೋಟಾ ಇತ್ತು. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ನೀನೂ ಮೋನಿಕಾಗೆ ಹೇಳಬೇಡ.

ಮಾರಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಗೋಡೆಯ ಗೂಟ ಖಾಲಿ ಕಂಡಾಗ ಮಾತ್ರ ಒಂಥರಾ ಆಗುತ್ತಿತ್ತು. ಈಗ ಅಲ್ಲಿ ಕಂಬಳಿ ನೇತುಹಾಕಿದ್ದೇನೆ.

ಅಪ್ಪ ದಿನಾ ಕೋವಿ ಕೇಳುತ್ತಾನೆ. ರಿಪೇರಿಗೆ ಹೋಗಿದೆ ಎನ್ನುತ್ತೇನೆ, ನೀನೂ ಹಾಗೇ ಹೇಳು. ಬಾಗೂರಿನಿಂದ ಬೇಗ ಒಂದು ಸಲ ಬಂದು ಹೋಗು. ನಿನ್ನ ಹೆಸರು ಅವನಿಗೆ ಇನ್ನೂ ನೆನಪಿದೆ. ನನ್ನನ್ನು ಬೈಯುವುದಿದ್ದರೆ ಹಿತ್ತಲಲ್ಲಿ ಬೈಯಿ.

ನಿನ್ನೆ ಮುದ್ದೆ ಬಡಿಸುವಾಗ ಅಪ್ಪ ನನ್ನ ಕೈ ಹಿಡಿದುಕೊಂಡು, "ರಿಪೇರಿ ಆದ್ಮೇಲೆ ನನ್ನ ಮಗನ ಕೈಗೇ ಕೊಡ್ರಿ. ಅವ್ನು ಜ್ವಾಪಾನವಾಗಿ ಇಟ್ಕಂತಾನೆ" ಎಂದ.

ಆಗಲಿ ಎಂದೆ.

ನಿನ್ನ ತಮ್ಮ,
ಕನಕರಾಜ