ಸಾಲಿನ ಮೊದಲ ಕೊಡ

ಕೋರಮಂಡಲ್, ಕೆ.ಜಿ.ಎಫ್.
೧೮-೫-೧೯೫೮, ಭಾನುವಾರ

ಬೇತಮಂಗಲದಲ್ಲಿ ಮುನಿಸ್ಕೊಂಡು ಕೂತಿರೋ ಸೌಭಾಗ್ಯವತಿ ಆದಿಲಕ್ಷ್ಮಿಗೆ, ನಿನ್ನ ಯಜಮಾನನ ಆಶೀರ್ವಾದ.

ಮಂಡಿನೋವು ಹೆಂಗದೆ? ಕರೀ ಹಸ ಹಾಲು ಕೊಡ್ತಾ ಅದಾ, ಇಲ್ಲ ನಿನ್ನಂಗೇ ಸಿಟ್ಟು ಮಾಡ್ಕೊಂಡು ಒದೀತಾ ಅದಾ? ಶ್ರೀರಾಮಪ್ಪ ಮೇಷ್ಟ್ರೇ, ಕಾಗದ ಓದಿ ಹೇಳೋರು ನೀವೇ ಅಂತ ಗೊತ್ತು, ಈ ಮಾತನ್ನ ಸ್ವಲ್ಪ ಮೆತ್ತಗೆ ಓದಿ. ನಾನು, ಮಗ ಜಯರಾಮ, ಸೊಸೆ, ಮೊಮ್ಮಗಳು ಎಲ್ಲಾ ಚೆನ್ನಾಗಿದೀವಿ.

ಮನೆ ಸಮಾಚಾರ ಕೇಳು. ಜಯರಾಮ ಮುಂದ್ಗಡೆ ಜಗುಲಿ ಕಟ್ಟಿಸವ್ನೆ, ಬೆನ್ನು ಒರಗಿಸೋಕೆ ಕಂಬ ಅದೆ. ಬೇಲಿ ಪಕ್ಕ ನೀನು ನೆಟ್ಟ ನುಗ್ಗೆ ಕಡ್ಡಿ ಚಿಗುರ್ಕೊಂಡದೆ. ಬಾಗಿಲು ತೆಗೆದ್ರೆ ಆ ಮೂಲೇಲಿ ರೇಷನ್ ಅಂಗಡಿ, ಈ ಮೂಲೇಲಿ ಪೆರುಮಾಳ್ ಸೋಡಾ ಅಂಗಡಿ, ಅದರಾಚೆ ಆಸ್ಪತ್ರೆ. ಗೋಲಿ ಸೋಡಾ ಡಬ್ ಅಂದ್ರೆ ನಮ್ಮ ಮೊಮ್ಮಗಳು ಎಗರಿ ಬೀಳ್ತಾಳೆ! ಹೊತ್ತೊತ್ತಿಗೆ ಗಣಿ ಸಂಗು, ಅದೇ ಸೈರನ್ನು, ಕೂಗ್ತದೆ, ಗಡಿಯಾರ ನೋಡೋದೇ ಬ್ಯಾಡ. ಮಾರಿಕುಪ್ಪಂ ರೈಲು ಹತ್ತಿದ್ರೆ ಬಂಗಾರಪೇಟೆ ಸಂತೆ. ಎಲ್ಲಾ ಅದೆ, ನೀನೊಬ್ಳಿಲ್ಲ.

ಉಗಾದಿಗೆ ಬಂದು ನೀನು ಮಾಡಿದ ರಂಪ ಮರೀತೀನಾ? ಇಲ್ಲಿ ಬೀದಿ ಕೊಳಾಯಿ ಮುಂದೆ ಜನ ಕಾಯಲ್ಲ, ಅವರ ಕೊಡಗಳು ಸಾಲಾಗಿ ಕಾಯ್ತವೆ. ಇನ್ನೊಬ್ಬರ ಕೊಡ ಸರಿಸಿದ್ರೆ ಜುಟ್ಟು ಹಿಡಿದಂಗೆ. ನೀನು ಎಲ್ಲಾ ಕೊಡಾನೂ ಸರಿಸಿ ನಿಂದು ಮುಂದಿಟ್ಟೆ. ಪಕ್ಕದ್ಮನೆ ಅಮ್ಮಾಜಮ್ಮ ಕೇಳಿದ್ದಕ್ಕೆ, "ಈ ನೀರು ನಮ್ಮ ಬೇತಮಂಗಲದ ಕೆರೇದು ಕಣಮ್ಮಾ, ನಮ್ಮ ನೀರಿಗೆ ನಾನ್ಯಾಕೆ ಕಾಯ್ಲಿ?" ಅಂದೆ. ಅಯ್ಯಯ್ಯಪ್ಪಾ! ಆಯಮ್ಮ ನಿನ್ನ ಕೊಡ ಎತ್ತಿ ಸಾಲಿನ ಕೊನೇಲಿಟ್ಳು. "ಇವರೇ ಕರೆದು ಮರ್ಯಾದೆ ಕೊಡೋಗಂಟ ಈ ಬೀದಿ ತುಳಿಯಲ್ಲ" ಅಂತ ನೀನು ಕೊಡಾನೂ ಬಿಟ್ಟು ಬಸ್ಸು ಹತ್ತಿದೆ. ಹಟ ಅಂದ್ರೆ ನಿಂದೇ ಹಟ ಬಿಡು.

ಈಗ ಕೇಳು ತಮಾಷೆ. ಹೋದ ವಾರ ಕೊಳಾಯಿ ನಿಂತೋಯ್ತು. ಮೊದಲು ಎಲ್ಲಾ, ಬತ್ತದೆ ಬಿಡು ಅಂತ ನಗಾಡಿದ್ರು. ಆಮೇಲೆ ಯಾರೋ "ಆ ಕೆರೆಯಮ್ಮ ಶಾಪ ಹಾಕವ್ಳೆ" ಅಂದ್ರು, ಕೆರೆಯಮ್ಮ ಅಂದ್ರೆ ನೀನೇ. ನಾನು ಸುಮ್ನಿರಬೇಕೋ ಬೇಡ್ವೋ? ಮೀಸೆ ತಿರುವಿ, "ನಮ್ಮವಳ ಬಾಯಿ ನಿಮಗಿನ್ನೂ ಗೊತ್ತಿಲ್ಲ" ಅಂದ್ಬಿಟ್ಟೆ. ಅಷ್ಟೇ! ಅಮ್ಮಾಜಮ್ಮಾನೇ ಮನೆಗೆ ಬಂದು ನಿನ್ನ ಹಿತ್ತಾಳೆ ಕೊಡ ಇಸ್ಕೊಂಡು, ಹುಣಸೆಹಣ್ಣಲ್ಲಿ ತಿಕ್ಕಿ, ಅರಿಶಿನ ಕುಂಕುಮ ಹಚ್ಚಿ, ಸಾಲಿನ ಮೊದಲಲ್ಲಿಟ್ಳು. "ಆಯಮ್ಮನ್ನ ಬರಾಕೇಳಿ, ಈ ಜಾಗ ಅವರದೇ" ಅಂದ್ಳು. ಸಂಜೆಗೆ ಕೊಳಾಯಿ ಬುಸ್ ಅಂತು! ಎಲ್ಲೋ ಪೈಪು ಒಡೆದಿತ್ತು, ಸರಿ ಮಾಡಿದ್ರು ಅಂತಾನೆ ಜಯರಾಮ. ಬೀದೀಲಿ ಯಾರೂ ನಂಬಲ್ಲ, ನಾನಂತೂ ನಂಬಿಸೋಕೆ ಹೋಗಲ್ಲ.

ಇನ್ನೇನು ಮರ್ಯಾದೆ ಬೇಕು ನಿಂಗೆ? ಹಸಾನ ಎದುರುಮನೆ ಸೊಣ್ಣಪ್ಪನಿಗೆ ಒಪ್ಪಿಸಿ ಹೊರಡು. ಸೊಸೆ ನಮಸ್ಕಾರ ಹೇಳವ್ಳೆ. ಅಜ್ಜಿ ಯಾವಾಗ ಬತ್ತಾಳೆ ಅಂತ ಮೊಮ್ಮಗಳು ನನ್ನ ಪ್ರಾಣ ತಿಂತಾವ್ಳೆ.

ಮೇಷ್ಟ್ರಿಗೆ ನಮಸ್ಕಾರ, ಹಸಾನ ಮೈದಡವಿ ನನ್ನ ಹೆಸರು ಹೇಳು.

ದಾರಿ ಕಾಯ್ತಾ ಇರೋ
ಚಿಕ್ಕವೆಂಕಟಪ್ಪ

ಮರೆತಿದ್ದೆ: ನಿನ್ನ ಕೊಡ ದಿನಾ ಮೊದಲು ತುಂಬ್ತದೆ. "ಕೆರೆಯಮ್ಮನ ನೀರು ಬೇರೆಯೋರು ಮುಟ್ಟಂಗಿಲ್ಲ, ಯಜಮಾನ್ರೇ ಹೊರಬೇಕು" ಅಂತ ಅಮ್ಮಾಜಮ್ಮನ ಕಟ್ಟಪ್ಪಣೆ. ಹೆಂಗಸರೆಲ್ಲ ಸೆರಗು ಬಾಯಿಗಿಟ್ಕೊಂಡು ನಗ್ತಾರೆ, ನನ್ನ ಸೊಂಟ ಬಿದ್ದೋಯ್ತು. ಮೇಷ್ಟ್ರೇ, ಇದನ್ನ ಮಾತ್ರ ಜೋರಾಗಿ ಓದಿ: ನೀನಿಲ್ದೆ ನಂಗೆ ಆಗಲ್ಲ ಕಣೇ. ಬೇಗ ಬಂದು ಈ ಕೊಡ ಇಳಿಸ್ಕೋ.