ಜಂಬಮ್ಮನ ಕೋಲು

ಜುಲೈ 7, ಸೋಮವಾರ. ಬೆಳಿಗ್ಗೆ 9:20

ಇವತ್ತೂ ಹುಲುಗೇಶ ಇಪ್ಪತ್ತು ನಿಮಿಷ ತಡ. ಬಸ್ ಕೆಟ್ಟಿತ್ತಂತೆ. ಇಟ್ಟಿಗಿಯಿಂದ ಬರುವ ಬಸ್ಸು ವಾರಕ್ಕೆ ಎರಡು ಸಲ ಕೆಡುತ್ತದೆಯೇ? ಕಂಡಕ್ಟರನ್ನು ಕೇಳಬೇಕು.

ಹಡಗಲಿಯ ಈ ಶೆಡ್ಡಿಗೆ ಸೂಪರ್‌ವೈಸರ್ ಆಗಿ ಬಂದು ಒಂದು ವಾರ. ಕೆರೆ ತೂಬಿಗೆ ಹೋಗುವ ಹನ್ನೆರಡು ಉಕ್ಕಿನ ಗೇಟು. ನಾಲ್ಕಕ್ಕೆ ತುಕ್ಕು ತಡೆಯುವ ಜಿಂಕ್ ಪ್ರೈಮರ್ ಹೊಡೆದು ಮುಗಿದು ಅಂಗಳದಲ್ಲಿ ನಿಂತಿವೆ. ಹತ್ತು ವರ್ಷ ಕಾಂಕ್ರೀಟು ನೋಡಿದವನು ನಾನು. ಬಣ್ಣದ ಕೆಲಸ ಹೊಸದು. ಹೊಸಬ ಅಂತ ಯಾಮಾರಿಸಲು ನೋಡುತ್ತಾರೆ. ಅದಕ್ಕೇ ಈ ಡೈರಿ. ಯಾರು ಯಾವತ್ತು ಏನು ಮಾಡಿದರು, ಏನು ಅಂದರು — ಎಲ್ಲ ಇಲ್ಲಿರಬೇಕು. ನಾಳೆ ಮಾತು ತಿರುಗಿಸಿದರೆ ದಿನಾಂಕ ಸಮೇತ ಮುಖಕ್ಕೆ ಹಿಡಿಯಬಹುದು.

ಹುಲುಗೇಶ ಹೆಡ್ ಪೇಂಟರ್. "ಇದು ಬರೇ ಬಣ್ಣ ಅಲ್ರಿ ಸರ. ಜಿಂಕ್ ಪುಡೀನ ಜಾಸ್ತಿ ಐತಿ. ನೀರು ಬಿದ್ರ ಮೊದಲು ತಾನು ಸವೀತೈತಿ, ಕಬ್ಬಿಣ ಉಳಸ್ತೈತಿ" ಅಂದ. ಕೇಳದೆ ಪಾಠ ಹೇಳುವವರ ಮೇಲೆ ಒಂದು ಕಣ್ಣಿರಬೇಕು.

ಜುಲೈ 8

ಶೆಡ್ಡಿನಲ್ಲಿ ಒಬ್ಬ ಹೆಂಗಸು. ಜಂಬಮ್ಮ. ಐವತ್ತು ದಾಟಿದೆ. ಇವಳ ಕೆಲಸ — ಸ್ಟೂಲ್ ಮೇಲೆ ಕೂತು ಬಣ್ಣದ ಡಬ್ಬಿಯಲ್ಲಿ ಕೋಲಾಡಿಸುವುದು. ಅಷ್ಟೇ. ಸ್ಪ್ರೇ ಗನ್ನಿನ ಪೈಪು ಆ ಡಬ್ಬಿಯಿಂದ ಬಣ್ಣ ಎಳೆಯುತ್ತಿರುತ್ತದೆ, ಇವಳು ತಿರುವುತ್ತಲೇ ಇರುತ್ತಾಳೆ. ಬೆಳಿಗ್ಗೆ ಮಷಿನ್‌ನಲ್ಲಿ ಕಲಸಿ ಆಗಿರುತ್ತದಲ್ಲ, ಮತ್ತೆ ಸಂಜೆವರೆಗೆ ಏನು ತಿರುವುವುದು?

ವಿಚಾರಿಸಿದೆ. ಹುಲುಗೇಶನ ಸೋದರತ್ತೆ. ಸಿಕ್ಕಿತಲ್ಲ ಎಳೆ.

ಜುಲೈ 9, ಬುಧವಾರ

ಜಂಬಮ್ಮನನ್ನು ಬಿಡಿಸಿದೆ.

"ಸರ, ಕಲಸೋರು ಬೇಕ್ರಿ. ಆಕಿ ಕೈ ನಿಂತ್ರ ಕೆಲಸ ಕೆಡತೈತಿ."

"ನಿಮ್ಮ ಸೋದರತ್ತೆ ಅಂತ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ."

ಎದುರು ಮಾತು ನೋಡು! ಜಂಬಮ್ಮ ಮಾತ್ರ ವಾದಿಸಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ ಕೈ ತೊಳೆದುಕೊಂಡಳು. "ಅಂಬಲಿ ಕಾಸೋರು ಕೈ ಬಿಡ್ತಾರೇನ್ರಿ ಸರ?" ಅಂದು ಹೊರಟಳು. ಒಗಟು ಬೇರೆ.

ನಾಳೆಯಿಂದ ಐದನೇ ಗೇಟು. ಖುಷಿಯಾಗಿದೆ, ಸುಳ್ಳೇಕೆ.

ಜುಲೈ 21

ಗನ್ ಕಟ್ಟಿಕೊಳ್ಳುತ್ತಿದೆಯಂತೆ. ದಿನಕ್ಕೆ ನಾಲ್ಕು ಸಲ ಬಿಚ್ಚಿ ತೊಳೆಯುತ್ತಾರೆ. ಜಂಬಮ್ಮ ಇದ್ದಾಗ ಒಂದು ದಿನವೂ ಕಟ್ಟಲಿಲ್ಲ, ಈಗ ಕಟ್ಟುತ್ತದೆ! ಅತ್ತೆಯನ್ನು ವಾಪಸ್ ತರಿಸುವ ಆಟ. ಬೇಕಂತಲೇ ಮಾಡುತ್ತಿದ್ದಾರೆ.

ಮನೆಯಲ್ಲಿ ಹಾಲು ತೆಳ್ಳಗಿದೆ ಅಂದೆ. ಅರ್ಚನಾ ಪಾತ್ರೆ ಕುಕ್ಕಿದಳು: "ನಿಮ್ಮ ಕಣ್ಣಿಗೆ ಹೆಂಡ್ತೀನೂ ಕಳ್ಳೀನ. ಅದನ್ನೂ ಡೈರ್ಯಾಗ ಬರಕೊಳ್ರಿ." ಬರೆದುಕೊಂಡೆ.

ನಾಳೆಯಿಂದ ಹರಪನಹಳ್ಳಿ ಸೈಟು. ಮೂರು ವಾರ.

ಆಗಸ್ಟ್ 11, ಸೋಮವಾರ

ವಾಪಸ್ ಬಂದೆ. ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ನಿಂತೆ.

ಐದರಿಂದ ಒಂಬತ್ತನೇ ಗೇಟಿನವರೆಗೆ ತುಕ್ಕು. ಕೆಂಪು ಗೆರೆ ಕೆಳಗಿನವರೆಗೆ ಇಳಿದಿದೆ. ಒಂದರಿಂದ ನಾಲ್ಕು — ಬೂದು ಬಣ್ಣ ಹಾಗೇ ಇದೆ, ಒಂದು ಚುಕ್ಕೆಯಿಲ್ಲ. ಅದೇ ಉಕ್ಕು, ಅದೇ ಕಂಪನಿಯ ಪ್ರೈಮರ್, ಅದೇ ಮಳೆ.

ಬಣ್ಣದಲ್ಲಿ ಜಿಂಕ್ ಇಲ್ಲ. ಎಲ್ಲಿ ಹೋಯಿತು?

ಆಗಸ್ಟ್ 12. ರಾತ್ರಿ

ಸಿಕ್ಕಿಬಿದ್ದ.

ಗನ್ ಎಳೆಯುತ್ತಿದ್ದ ಡಬ್ಬಿಯ ಮೇಲ್ಭಾಗದಿಂದ ಒಂದು ಲೀಟರ್ ತುಂಬಿಕೊಂಡು ಬಜಾರಿಗೆ ಹೋದೆ. ನಾಗಪ್ಪನ ಮಲ್ಲಿಗೆ ಅಂಗಡಿಯ ತಕ್ಕಡಿ. "ಹೂವಿಗೆ ವಾಸನಿ ಹತ್ತತೈತ್ರಿ, ಲಗೂನ ತೂಗಿ ತಗೀರಿ" ಅಂತ ಮೂಗು ಮುಚ್ಚಿಕೊಂಡ. ಲೀಟರಿಗೆ ಎರಡೂವರೆ ಕೆ.ಜಿ. ಇರಬೇಕು ಅಂತ ಡಬ್ಬಿಯ ಮೇಲಿದೆ. ಬಂದದ್ದು ಒಂದು ಕೆ.ಜಿ. ನಾನೂರು ಗ್ರಾಂ.

ವಾಪಸ್ ಬಂದು ಶೆಡ್ಡಿನ ಹಿಂದೆ ಹುಡುಕಿದೆ. ತಾಡಪತ್ರಿ ಕೆಳಗೆ ಆರು ಡಬ್ಬಿ. ಒಳಗೆ ಬೂದು ಗಟ್ಟಿ. ಒಂದನ್ನು ಎತ್ತಲು ಇಬ್ಬರು ಬೇಕು. ಜಿಂಕ್! ಮಾರಲು ಕೂಡಿಟ್ಟಿದ್ದಾನೆ.

"ಅದು ಡಬ್ಬಿ ತಳದಾಗ ಕುಂತಿದ್ದು ಸರ. ಗನ್ನಿಗೆ ಏರಂಗಿಲ್ಲ, ಅದಕ್ಕ ತೆಗೆದಿಟ್ಟೀನ್ರಿ." ಹುಲುಗೇಶ ತಾಡಪತ್ರಿ ಪೂರ್ತಿ ಸರಿಸಿ ತೋರಿಸಿದ. "ಕಳ್ಳ ಅನ್ನಬ್ಯಾಡ್ರಿ. ಆ ಹೆಸರು ಬಂದ್ರ ಹೊಸಪ್ಯಾಟಿ ತನಕ ಯಾರೂ ನನ್ನ ಕೈಗೆ ಗನ್ ಕೊಡಂಗಿಲ್ಲ."

ಕಳ್ಳರೆಲ್ಲ ಹೀಗೇ ಹೇಳುತ್ತಾರೆ. ಹೆಡ್ಡಾಫೀಸಿಗೆ ಫೋಟೊ ಸಮೇತ ಬರೆದೆ. ಸಂಜೆಯೊಳಗೆ ಅವನನ್ನು ಕೆಲಸದಿಂದ ನಿಲ್ಲಿಸಿದರು. ಶನಿವಾರ ನನ್ನ ರಿಪೋರ್ಟ್ ಹೋದ ಮೇಲೆ ಪೊಲೀಸ್ ಕಂಪ್ಲೇಂಟ್.

ಆಗಸ್ಟ್ 16, ಶನಿವಾರ. ಬೆಳಿಗ್ಗೆ 10

ರಿಪೋರ್ಟಿಗೆ ದಿನಾಂಕ ಬೇಕು. ಐದನೇ ಗೇಟು ಶುರುವಾದದ್ದು ಯಾವತ್ತು? ಡೈರಿ ತೆಗೆದೆ.

ಜುಲೈ 10. ಅದರ ಹಿಂದಿನ ದಿನ — ಜುಲೈ 9.

ಓದಿದೆ. ಮತ್ತೆ ಓದಿದೆ. 'ಆಕಿ ಕೈ ನಿಂತ್ರ ಕೆಲಸ ಕೆಡತೈತಿ.' ನನ್ನದೇ ಅಕ್ಷರ.

ಮಧ್ಯಾಹ್ನ 2:30

ಹೊಸ ಡಬ್ಬಿ ಒಡೆದು ಕಲಸಿದೆ. ನಾಗಪ್ಪನ ತಕ್ಕಡಿ: ಎರಡು ಕೆ.ಜಿ. ಐನೂರು. ಡಬ್ಬಿಯನ್ನು ಮುಟ್ಟದೆ ಬಿಟ್ಟು ಮೂರು ತಾಸಿನ ಮೇಲೆ ಅದರ ಮೇಲಿನಿಂದ ಒಂದು ಲೀಟರ್ ತೆಗೆದೆ. ಒಂದು ಕೆ.ಜಿ. ಆರುನೂರು. ಕೋಲು ಹಾಕಿದರೆ ತಳದಲ್ಲಿ ಕೆಸರಿನಂಥ ಗಟ್ಟಿ. ಯಾರೂ ಕದ್ದಿಲ್ಲ. ಭಾರಕ್ಕೆ ತಾನೇ ಇಳಿದು ಕೂತಿದೆ. ಗೇಟಿಗೆ ಹೋದದ್ದು ಮೇಲಿನ ತಿಳಿ.

ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದಾರೆ — ಹೊಡೆದು ಮುಗಿಯುವವರೆಗೂ ಕಲಸುತ್ತಿರಬೇಕು ಅಂತ. ಒಂದೂವರೆ ತಿಂಗಳು ಎಲ್ಲರ ಮುಖ ಓದಿದೆ, ಮುಚ್ಚಳ ಓದಲಿಲ್ಲ.

ಸಂಜೆ 4

ಜಂಬಮ್ಮನ ಮನೆಗೆ ಹೋಗಿದ್ದೆ. ಒಳಗೆ ಕರೆದಳು, ನೀರು ಕೊಟ್ಟಳು. ಅದೇ ಇನ್ನೂ ಹಿಂಸೆಯಾಯಿತು.

"ಸೋಮವಾರದಿಂದ ಬರ್ರಿ" ಅಂದೆ.

"ನಾನು ಬರ್ತೀನ್ರಿ, ಕೋಲು ತಿರುವಾಕೇನು. ಹುಲುಗೇಶ ನಾಕು ದಿನದಿಂದ ಮನಿ ಬಿಟ್ಟು ಹೊರಗ ಬಂದಿಲ್ಲ. ಅವಂಗ ಏನಂತೀರಿ?"

ಲೋಟ ಕೆಳಗಿಟ್ಟು ಎದ್ದು ಬಂದೆ. ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಸಂಜೆ 5:10

ಜುಲೈ 9ರ ಹಾಳೆ ಹರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹೆಡ್ಡಾಫೀಸಿನ ಸಾಹೇಬರು ಆರಕ್ಕೆ ರಿಪೋರ್ಟ್ ಕೇಳಿದ್ದಾರೆ. ಕಳ್ಳ ಆಗಲೇ ಸಿಕ್ಕಿದ್ದಾನೆ. ನಾನು ಸುಮ್ಮನಿದ್ದರೆ ಸಾಕು. ಹಾಳೆಯ ತುದಿ ಹಿಡಿದೆ ಕೂಡ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ: ಹಿಡಿದೆ.

5:40

ಹರಿಯಲಿಲ್ಲ. ಫೋಟೊ ತೆಗೆದು ಸಾಹೇಬರಿಗೆ ವಾಟ್ಸಾಪ್ ಮಾಡಿದೆ. ಕೆಳಗೆ ಒಂದೇ ಸಾಲು: ಕಲಸುವುದನ್ನು ನಿಲ್ಲಿಸಿದ್ದು ನಾನು, ಹುಲುಗೇಶನ ತಪ್ಪಿಲ್ಲ.

ನೀಲಿ ಗೆರೆ ಬಿತ್ತು. ಓದಿದ್ದಾರೆ.

ಫೋನ್ ಬಡಿದುಕೊಳ್ಳುತ್ತಿದೆ. ಸಾಹೇಬರಲ್ಲ. ಹುಲುಗೇಶ. ನಾನು ಮನೆಗೆ ಬಂದದ್ದನ್ನು ಜಂಬಮ್ಮ ಹೇಳಿರಬೇಕು. ಎತ್ತಿ ಮೊದಲ ಮಾತು ಏನಂತ —